ಅತಿರೇಕದ ಹವಾಮಾನ ಮತ್ತು ಬೆಳೆ ಇಳುವರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಹವಾಮಾನ ಕೈಕೊಟ್ಟಾಗಲೆಲ್ಲ ಮತ್ತೆ ಮತ್ತೆ ಕೇಳಿಬರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದೆ. ಸುಲಭದವು ಮೊದಲು, ಜಟಿಲವಾದವು ಆಮೇಲೆ. ಯಾವ ಉತ್ತರವನ್ನಾದರೂ ಬಿಡಿಯಾಗಿ ಓದಬಹುದು. ಹವಾಮಾನ ಎಷ್ಟು ಕೆಟ್ಟಿತು ಅನ್ನುವುದಕ್ಕಿಂತ, ಪೈರು ಯಾವ ಹಂತದಲ್ಲಿದ್ದಾಗ ಕೆಟ್ಟಿತು ಅನ್ನುವುದೇ ಹೆಚ್ಚಿನ ಸಲ ಇಳುವರಿಯನ್ನು ತೀರ್ಮಾನಿಸುತ್ತದೆ. ಇದೊಂದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಉಳಿದದ್ದು ಬೇಗ ಅರ್ಥವಾಗುತ್ತದೆ.

## ಮೊದಲ ಪ್ರಶ್ನೆಗಳು

ಮಳೆ ಲೆಕ್ಕ ಸರಾಸರಿಯಷ್ಟೇ ಇದೆ, ಆದರೂ ಇಳುವರಿ ಯಾಕೆ ಬಿತ್ತು?

ಬೆಳೆ ಕುಡಿಯುವುದು ಹಂಗಾಮಿನ ಒಟ್ಟು ಮಳೆಯನ್ನಲ್ಲ, ಆ ಹೊತ್ತಿಗೆ ಬೇರಿನ ಸುತ್ತ ಇರುವ ತೇವವನ್ನು. ಲೆಕ್ಕ ಹಾಕಿ ನೋಡಿ. 1 ಮಿಲಿಮೀಟರ್ ಮಳೆ ಅಂದರೆ ಚದರ ಮೀಟರಿಗೆ 1 ಲೀಟರ್, ಹೆಕ್ಟೇರಿಗೆ 10,000 ಲೀಟರ್. ಗೋಡು ಮಣ್ಣು ಒಂದು ಮೀಟರ್ ಆಳದಲ್ಲಿ ಬೆಳೆಗೆ ದಕ್ಕುವ ನೀರನ್ನು ಸುಮಾರು 150 ಮಿ.ಮೀ.ನಷ್ಟು ಹಿಡಿದಿಡುತ್ತದೆ, ಮರಳು ಮಣ್ಣು 60ರಿಂದ 80 ಮಿ.ಮೀ. ಮಾತ್ರ. ಬೇರು 60 ಸೆಂ.ಮೀ. ಇಳಿದಿದ್ದರೆ ಗೋಡು ಮಣ್ಣಿನಲ್ಲಿ ಅದಕ್ಕೆ ಸಿಗುವುದು 90 ಮಿ.ಮೀ. ಅದರಲ್ಲಿ ಅರ್ಧ ಖರ್ಚಾಗುವವರೆಗೆ ಮಾತ್ರ ಬೆಳೆ ಸಲೀಸಾಗಿ ನೀರೆಳೆದುಕೊಳ್ಳುತ್ತದೆ. ಅಂದರೆ 45 ಮಿ.ಮೀ. ಬಿಸಿಲು ಚುರುಕಾಗಿ ದಿನಕ್ಕೆ 6 ಮಿ.ಮೀ. ಆವಿಯಾದರೆ ಏಳೂವರೆ ದಿನಕ್ಕೆ ಅದು ಮುಗಿಯಿತು. ಮರಳು ಮಣ್ಣಿನಲ್ಲಿ ಮೂರೂವರೆ ದಿನ.

ಒಂದೇ ದಿನ 120 ಮಿ.ಮೀ. ಸುರಿದು ಆಮೇಲೆ ಇಪ್ಪತ್ತು ದಿನ ಮೋಡ ಕಾಣದಿದ್ದರೆ, ಮಣ್ಣಿಗೆ ಹಿಡಿಸದ ನೀರೆಲ್ಲ ಹರಿದುಹೋಗಿ, ಉಳಿದದ್ದು ಒಂದು ವಾರಕ್ಕೆ ತೀರಿರುತ್ತದೆ. ಮಳೆಮಾಪಕದ ಲೆಕ್ಕದಲ್ಲಿ ಅದು ಒಳ್ಳೆಯ ತಿಂಗಳು, ಹೊಲದಲ್ಲಿ ಎರಡು ವಾರದ ಬರ. ಹಾಗಾಗಿ ಒಟ್ಟು ಮಳೆಯ ಜೊತೆಗೆ ಸತತವಾಗಿ ಮಳೆಯಿಲ್ಲದ ದಿನಗಳನ್ನೂ ಬರೆದಿಡಿ. ಇಳುವರಿಯ ಗುಟ್ಟು ಹೆಚ್ಚಾಗಿ ಆ ಎರಡನೆಯ ಅಂಕಿಯಲ್ಲಿ ಇರುತ್ತದೆ.

ಯಾವ ಹಂತದಲ್ಲಿ ಏಟು ಬಿದ್ದರೆ ಹೆಚ್ಚು ನಷ್ಟ?

ಹೂ ಬಿಡುವ ಆಸುಪಾಸಿನ ಎರಡು ಮೂರು ವಾರ. ಅದಕ್ಕೆ ಮೊದಲು ಎಲೆ, ತೆಂಡೆ ಕಳೆದುಕೊಂಡ ಪೈರು ಸಮಯ ಸಿಕ್ಕರೆ ಹೊಸದನ್ನು ಹುಟ್ಟಿಸಿಕೊಳ್ಳುತ್ತದೆ. ಕಾಳಿನ ಸಂಖ್ಯೆ ನಿರ್ಧಾರವಾಗುವ ದಿನಗಳಲ್ಲಿ ಕಳೆದುಕೊಂಡದ್ದು ಮಾತ್ರ ವಾಪಸ್ ಬರುವುದಿಲ್ಲ. ಮುಂದೆ ಹಾಲು ತುಂಬುವ ಹಂತದಲ್ಲಿ ತೊಂದರೆಯಾದರೆ ಕಾಳುಗಳ ಲೆಕ್ಕ ಸರಿಯಿರುತ್ತದೆ, ತೂಕ ಇಳಿಯುತ್ತದೆ. 2022ರ ಮಾರ್ಚಿನಲ್ಲಿ ಭಾರತದ ಗೋಧಿಗೆ ಆದದ್ದು ಇದೇ. ಕಾಳು ತುಂಬುವ ಹೊತ್ತಿಗೆ ಬಿಸಿ ಏರಿ, ಪೈರು ಅವಧಿಗೆ ಮೊದಲೇ ಹಣ್ಣಾಗಿ, ಕಾಳು ಸೊರಗಿತು. ಮೇ 13ರಂದು ಸರ್ಕಾರ ಗೋಧಿ ರಫ್ತನ್ನೇ ನಿಲ್ಲಿಸಿತು.

ಮೂಲಂಗಿ, ಸೊಪ್ಪಿನಂಥ ಬೆಳೆಗಳಿಗೆ ಈ ಲೆಕ್ಕ ಹೊಂದುವುದಿಲ್ಲ. ಅಲ್ಲಿ ಹೂವೇ ನಷ್ಟ. ಬಿಸಿ ಹೆಚ್ಚಾದರೆ ಬೇಗ ದಂಟು ಎದ್ದು ಹೂ ಬಿಡುತ್ತವೆ.

ಬರ, ಬಿಸಿಗಾಳಿ, ನೆರೆ: ಯಾವುದು ಹೆಚ್ಚು ಕೆಡುಕು?

ದೇಶದ ಮಟ್ಟದಲ್ಲಿ ನೋಡಿದರೆ ಬರ ಮತ್ತು ಬಿಸಿ. 1964ರಿಂದ 2007ರವರೆಗಿನ ಜಾಗತಿಕ ದಾಖಲೆಗಳನ್ನು ಪರಿಶೀಲಿಸಿ 2016ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಬರ ಅಥವಾ ವಿಪರೀತ ಬಿಸಿ ಬಂದ ವರ್ಷಗಳಲ್ಲಿ ದೇಶದ ಏಕದಳ ಧಾನ್ಯದ ಉತ್ಪಾದನೆ ಸರಾಸರಿ ಶೇಕಡ 9ರಿಂದ 10ರಷ್ಟು ಇಳಿದಿದೆ. ರಷ್ಯಾದಲ್ಲಿ 2010ರ ಬೇಸಿಗೆಯಲ್ಲಿ ಬರವೂ ಬಿಸಿಯೂ ಕೂಡಿಬಂದು ಧಾನ್ಯದ ಫಸಲು ಹಿಂದಿನ ವರ್ಷದ ಸುಮಾರು 97 ದಶಲಕ್ಷ ಟನ್ನಿನಿಂದ 61ಕ್ಕೆ ಕುಸಿಯಿತು.

ಹಾಗೆಂದು ಅತಿ ತೇವವನ್ನು ಹಗುರವಾಗಿ ಕಾಣಬಾರದು. 2016ರಲ್ಲಿ ಫ್ರಾನ್ಸಿನ ಮುಖ್ಯ ಗೋಧಿ ಪ್ರದೇಶಗಳಲ್ಲಿ ಇಳುವರಿ ಕಾಲುಭಾಗಕ್ಕಿಂತ ಹೆಚ್ಚು ಕುಸಿದದ್ದು ಬರದಿಂದಲ್ಲ. ಚಳಿಗಾಲದ ಆರಂಭ ಬೆಚ್ಚಗಿತ್ತು, ವಸಂತದಲ್ಲಿ ಬಿಡದೆ ಮಳೆ ಹಿಡಿಯಿತು. ಬೇರಿಗೆ ಗಾಳಿ ಇಲ್ಲ, ಎಲೆಗೆ ಬೆಳಕಿಲ್ಲ, ತೆನೆಗೆ ಶಿಲೀಂಧ್ರ. ನೆರೆಯ ನಷ್ಟ ಹೊಳೆದಂಡೆಯಲ್ಲಿ ಕಣ್ಣಿಗೆ ಹೊಡೆಯುತ್ತದೆ. ಇಂಥ ಸದ್ದಿಲ್ಲದ ನಷ್ಟ ಕೊಯ್ಲಿನವರೆಗೂ ಗೊತ್ತಾಗುವುದಿಲ್ಲ.

## ಬಿಸಿ ಮತ್ತು ಬರ

ಗದ್ದೆಯಲ್ಲಿ ನೀರಿತ್ತು, ತೆನೆಯೂ ಚೆನ್ನಾಗಿ ಬಂತು, ಆದರೆ ಅರ್ಧಕ್ಕರ್ಧ ಜೊಳ್ಳು. ಯಾಕೆ?

ಭತ್ತದ ಒಂದೊಂದು ಹೂವೂ ಬೆಳಗಿನ ಹೊತ್ತು, ಸಾಮಾನ್ಯವಾಗಿ 9ರಿಂದ 11 ಗಂಟೆಯೊಳಗೆ, ಸುಮಾರು ಒಂದು ಗಂಟೆ ಕಾಲ ಮಾತ್ರ ತೆರೆದಿರುತ್ತದೆ. ಆ ಒಂದು ಗಂಟೆಯಲ್ಲಿ ಹೂವಿನ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್ ದಾಟಿದರೆ ಪರಾಗಕೋಶ ಸರಿಯಾಗಿ ಬಿರಿಯುವುದಿಲ್ಲ, ಪರಾಗ ಉದುರುವುದಿಲ್ಲ, ಕಾಳು ಕಟ್ಟುವುದಿಲ್ಲ. ನೀರು ಎಷ್ಟಿದ್ದರೂ ಆ ಹೂವು ಜೊಳ್ಳೇ.

ಇಲ್ಲಿ ಹಲವರು ತಪ್ಪುವುದು ಗಾಳಿಯ ಉಷ್ಣತೆಯನ್ನಷ್ಟೇ ನೋಡುವುದರಲ್ಲಿ. ಒಣ ಹವೆಯಲ್ಲಿ ಪೈರು ನೀರನ್ನು ಆವಿಯಾಗಿಸಿ ತನ್ನನ್ನು ತಾನು ತಂಪು ಮಾಡಿಕೊಳ್ಳುತ್ತದೆ. ಆಸ್ಟ್ರೇಲಿಯಾದ ರಿವರಿನಾ ಪ್ರದೇಶದ ಭತ್ತ 40 ಡಿಗ್ರಿಯ ಆಸುಪಾಸಿನಲ್ಲೂ ಕಾಳು ಕಟ್ಟುವುದು ಇದರಿಂದಲೇ. ಸೆಕೆ ಹಿಡಿದು ಗಾಳಿಯಾಡದ ತೇವದ ದಿನದಲ್ಲಿ 36 ಡಿಗ್ರಿಯೂ ಅದಕ್ಕಿಂತ ಹೆಚ್ಚು ಕೆಡಿಸೀತು.

ಚಳಿಯಿಂದಲೂ ಜೊಳ್ಳಾಗುತ್ತದೆ, ಆದರೆ ಸಮಯ ಬೇರೆ. ತೆನೆ ಹೊರಬರುವುದಕ್ಕೆ 10–12 ದಿನ ಮೊದಲು, ತೆನೆ ಇನ್ನೂ ಕಾಂಡದೊಳಗಿರುವ ಹೊಡೆಯ ಹಂತದಲ್ಲಿ, ಉಷ್ಣತೆ 20 ಡಿಗ್ರಿಗಿಂತ ಸಾಕಷ್ಟು ಕೆಳಗಿಳಿದರೆ ಪರಾಗ ಒಳಗೇ ಸೊರಗುತ್ತದೆ. ಆಗ ಮಾಡಬಹುದಾದ ಒಂದು ಕೆಲಸವಿದೆ. ನೀರಿನ ಮಟ್ಟವನ್ನು 15–20 ಸೆಂ.ಮೀ.ಗೆ ಏರಿಸಿ, ಒಳಗಿರುವ ಎಳೆ ತೆನೆಯನ್ನು ಬೆಚ್ಚಗಿನ ನೀರಿನೊಳಗೆ ಮುಳುಗಿಸಿಡುವುದು. ತೆನೆ ಹೊರಬಂದ ದಿನ ಬರೆದಿಟ್ಟಿದ್ದರೆ, ಆ ದಿನಗಳ ಉಷ್ಣತೆ ನೋಡಿ ಜೊಳ್ಳಿಗೆ ಬಿಸಿ ಕಾರಣವೋ ಚಳಿಯೋ ಎಂದು ತಿಳಿಯಬಹುದು.

ಮೆಕ್ಕೆಜೋಳದ ತೆನೆಯ ತುದಿ ಬೋಳು. ಗೊಬ್ಬರ ಕಮ್ಮಿಯಾಯ್ತಾ?

ಮೊದಲು ಬರವನ್ನು ಅನುಮಾನಿಸಿ. ಒಂದೊಂದು ಕಾಳಿಗೂ ಒಂದೊಂದು ರೇಷ್ಮೆ ಎಳೆ. ಬುಡದ ಕಾಳಿನ ಎಳೆ ಮೊದಲು ಹೊರಬರುತ್ತದೆ, ತುದಿಯದು ಕೊನೆಗೆ. ನೀರು ಸಾಲದಾದಾಗ ಸೂಲಂಗಿ, ಅಂದರೆ ಗಿಡದ ತುದಿಯ ಗಂಡು ಹೂಗೊಂಚಲು, ಹೆಚ್ಚು ಕಡಿಮೆ ತನ್ನ ಸಮಯಕ್ಕೇ ಪರಾಗ ಉದುರಿಸುತ್ತದೆ, ರೇಷ್ಮೆ ಮಾತ್ರ ತಡವಾಗುತ್ತದೆ. ತುದಿಯ ಎಳೆಗಳು ಹೊರಬರುವ ಹೊತ್ತಿಗೆ ಪರಾಗ ಮುಗಿದಿರುತ್ತದೆ. ಉಷ್ಣತೆ 38 ಡಿಗ್ರಿ ದಾಟಿ ಗಾಳಿಯೂ ಒಣಗಿದ್ದರೆ ಉದುರಿದ ಪರಾಗವೂ ಬೇಗ ಸಾಯುತ್ತದೆ, ಎಳೆಯೂ ಒಣಗುತ್ತದೆ.

ಪರಾಗಸ್ಪರ್ಶ ಎಷ್ಟಾಗಿದೆ ಎಂದು ಹೊಲದಲ್ಲೇ ನೋಡಬಹುದು. ಪರಾಗ ಉದುರುವುದು ಮುಗಿಯುತ್ತಾ ಬಂದಾಗ ಒಂದು ತೆನೆ ಕಿತ್ತು, ಬುಡದಿಂದ ತುದಿಯವರೆಗೆ ಸಿಪ್ಪೆಯನ್ನು ಚಾಕುವಿನಿಂದ ಉದ್ದಕ್ಕೆ ಸೀಳಿ, ರೇಷ್ಮೆಗೆ ಕೈ ತಾಗಿಸದೆ ಬಿಡಿಸಿ. ತೆನೆಯನ್ನು ತಲೆಕೆಳಗಾಗಿ ಹಿಡಿದು ಮೆಲ್ಲಗೆ ಅಲುಗಾಡಿಸಿ. ಫಲಿತವಾದ ಕಾಳಿನ ಎಳೆ ತಾನಾಗಿ ಕಳಚಿ ಬೀಳುತ್ತದೆ, ಆಗದ್ದರ ಎಳೆ ಅಂಟಿಕೊಂಡೇ ಇರುತ್ತದೆ. ಹೊಲದ ಬೇರೆ ಬೇರೆ ಕಡೆಯ ಹತ್ತು ತೆನೆಗಳಲ್ಲಿ ಹೀಗೆ ನೋಡಿದರೆ ಚಿತ್ರ ಸಿಗುತ್ತದೆ.

ಎಳೆಗಳೆಲ್ಲ ಕಳಚಿಬಿದ್ದ ಹೊಲದಲ್ಲೂ ಮುಂದೆ ತುದಿ ಸೊರಗಬಹುದು. ಅಲ್ಲಿ ಬಿಳಿಚಿಕೊಂಡ, ಮುರುಟಿದ ಸಣ್ಣ ಕಾಳುಗಳು ಕಾಣುತ್ತವೆ. ಅದು ಪರಾಗದ ಸಮಸ್ಯೆಯಲ್ಲ, ಆಮೇಲಿನ ಎರಡು ವಾರದಲ್ಲಿ ಬೆಳೆಗೆ ಊಟ ಸಾಲದೆ ತುದಿಯ ಕಾಳುಗಳನ್ನು ಕೈಬಿಟ್ಟಿದೆ. ಆಗ ನೀರಿನ ಜೊತೆಗೆ ಸಾರಜನಕ, ಗಿಡಗಳ ದಟ್ಟಣೆ, ಮೋಡ ಕವಿದ ದಿನಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಹಗಲು ಅಷ್ಟೇನೂ ಬಿಸಿ ಇರಲಿಲ್ಲ, ರಾತ್ರಿ ಮಾತ್ರ ಸೆಕೆ. ಅದರಿಂದಲೂ ಇಳುವರಿ ಬೀಳುತ್ತಾ?

ಬೀಳುತ್ತದೆ. ಹಗಲು ಕೂಡಿಟ್ಟ ಸಕ್ಕರೆಯಲ್ಲಿ ಒಂದು ಪಾಲನ್ನು ಪೈರು ರಾತ್ರಿ ಉಸಿರಾಟಕ್ಕೆ ಸುಡುತ್ತದೆ. ರಾತ್ರಿ ಬೆಚ್ಚಗಾದಷ್ಟೂ ಸುಡುವುದು ಹೆಚ್ಚು, ಕಾಳಿಗೆ ಉಳಿಯುವುದು ಕಡಿಮೆ. ಫಿಲಿಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ತಾಕುಗಳ ದಾಖಲೆಯಲ್ಲಿ, ಬೇಸಾಯ ಕ್ರಮ ಒಂದೇ ಇದ್ದರೂ, ಬೇಸಿಗೆ ಹಂಗಾಮಿನ ಕನಿಷ್ಠ ಉಷ್ಣತೆ 1 ಡಿಗ್ರಿ ಏರಿದಾಗ ಇಳುವರಿ ಸುಮಾರು ಶೇಕಡ 10ರಷ್ಟು ಇಳಿದದ್ದು 2004ರಲ್ಲಿ ವರದಿಯಾಯಿತು. ಟೊಮೆಟೊದಲ್ಲೂ ರಾತ್ರಿಯ ಸೆಕೆಗೆ ಹೂ ಉದುರುತ್ತದೆ. ದಿನದ ಗರಿಷ್ಠದ ಪಕ್ಕದಲ್ಲಿ ಕನಿಷ್ಠವನ್ನೂ ಬರೆದಿಡಲು ಇದೇ ಕಾರಣ.

ನಾಲ್ಕು ದಿನದಲ್ಲಿ ಬಿಸಿಗಾಳಿ ಅಂತ ಮುನ್ಸೂಚನೆ ಬಂದಿದೆ. ಈಗ ಏನು ಮಾಡಬಹುದು?

ಎಲ್ಲಕ್ಕಿಂತ ಮೊದಲು ನೀರು. ಬಿಸಿ ಏರುವುದಕ್ಕೆ ಒಂದೆರಡು ದಿನ ಮೊದಲೇ ಬೇರಿನ ವಲಯ ತುಂಬಿರಬೇಕು. ಬಾಡಿದ ಮೇಲೆ ಕೊಟ್ಟರೆ ಎಲೆಯ ರಂಧ್ರಗಳು ಮುಚ್ಚಿ ಆಗಲೇ ಒಂದೆರಡು ದಿನದ ದುಡಿಮೆ ಹೋಗಿರುತ್ತದೆ. ನೀರು ಸಾಲದಿದ್ದರೆ ಹೊಲವಿಡೀ ತೆಳ್ಳಗೆ ಹಂಚುವ ಬದಲು ಹೂ ಬಿಡುತ್ತಿರುವ ತಾಕುಗಳಿಗೆ ಪೂರ್ತಿ ಕೊಡಿ. ಇನ್ನೂ ಎಲೆ ಬೆಳೆಸುತ್ತಿರುವ ತಾಕು ಕಾಯಬಲ್ಲದು. ತೆನೆ ತುಂಬುತ್ತಿರುವ ಗೋಧಿಗೆ ಸಂಜೆ, ಗಾಳಿ ತಣಿದ ಮೇಲೆ, ಹಗುರವಾಗಿ ಹಾಯಿಸಿ. ನೆಲ ನೆನೆದು ಮೆತ್ತಗಾದಾಗ ಗಾಳಿ ಬೀಸಿದರೆ ಪೈರು ಮಲಗುತ್ತದೆ.

ಕಳೆಯನ್ನು ಈಗಲೇ ತೆಗೆಯಿರಿ, ಅದು ಕುಡಿಯುವುದು ನಿಮ್ಮ ಬೆಳೆಯ ನೀರನ್ನೇ. ತರಕಾರಿ ಸಾಲುಗಳಿಗೆ ಒಣಹುಲ್ಲಿನ ಹೊದಿಕೆ 5–8 ಸೆಂ.ಮೀ. ದಪ್ಪ ಸಾಕು. ಎಳೆ ಸಸಿಗೆ ಶೇಕಡ 30–35ರ ನೆರಳು ಪರದೆ ಹಿಡಿಸುತ್ತದೆ, ಅದಕ್ಕಿಂತ ದಟ್ಟವಾದರೆ ಬೆಳಕು ಸಾಲದೆ ಸೊರಗುತ್ತದೆ. ಹಣ್ಣಿನ ಬೆಳೆಯಲ್ಲಿ ಬಿಸಿಲುಗಾಯ ತಡೆಯಲು ಕೇಯೋಲಿನ್ ಎಂಬ ಬಿಳಿ ಜೇಡಿಮಣ್ಣಿನ ಪುಡಿಯನ್ನು ಲೀಟರಿಗೆ 50 ಗ್ರಾಂನಂತೆ ಕಲಸಿ, ಬಿಸಿ ಬರುವ ಮೊದಲೇ ಸಿಂಪಡಿಸಿ.

ಮಾಡಬಾರದ್ದೂ ಇದೆ. ಗಂಧಕವನ್ನು 32 ಡಿಗ್ರಿಗಿಂತ ಹೆಚ್ಚು ಬಿಸಿಯಿದ್ದಾಗ ಹೊಡೆದರೆ ಎಲೆ ಸುಡುತ್ತದೆ. ಎಣ್ಣೆಯ ಸಿಂಪಡಣೆಯೂ ಹಾಗೆಯೇ. ಆ ವಾರ ಸಾರಜನಕದ ಮೇಲುಗೊಬ್ಬರ ಬೇಡ. ಕೆಳಗಿನ ಎಲೆಗಳನ್ನು ಸವರುವುದೂ ಬೇಡ, ಹಣ್ಣಿಗೆ ಅವೇ ನೆರಳು.

ಕೊನೆಯ ತಿಂಗಳು ಮಳೆಯಿಲ್ಲದೆ ಬೆಳೆದ ಶೇಂಗಾ. ನೋಡಲು ಚೆನ್ನಾಗಿದೆ, ತಿನ್ನಬಹುದಲ್ವಾ?

ಪರೀಕ್ಷಿಸದೆ ನಂಬಬೇಡಿ. ಕೊಯ್ಲಿಗೆ ಮುಂಚಿನ 4ರಿಂದ 6 ವಾರ ನೆಲ ಒಣಗಿ ಕಾದಿದ್ದರೆ ಆಸ್ಪರ್ಜಿಲಸ್ ಎಂಬ ಶಿಲೀಂಧ್ರ ಮಣ್ಣಿನೊಳಗೇ ಕಾಯಿಗೆ ನುಗ್ಗಿ ಅಫ್ಲಾಟಾಕ್ಸಿನ್ ವಿಷ ಕೂಡಿಸುತ್ತದೆ. ಮೆಕ್ಕೆಜೋಳದಲ್ಲೂ ಇದೇ ಅಪಾಯ. ಬೇಯಿಸಿದರೆ, ಹುರಿದರೆ ವಿಷ ಪೂರ್ತಿ ಹೋಗುವುದಿಲ್ಲ. ಬಿರುಕುಬಿಟ್ಟ ಕಾಯಿ, ಸುಕ್ಕುಗಟ್ಟಿದ, ಬಣ್ಣಗೆಟ್ಟ, ಬೂಷ್ಟು ಹಿಡಿದ ಬೀಜಗಳನ್ನು ಕೈಯಿಂದ ಆರಿಸಿ ತೆಗೆದರೆ ವಿಷದ ಬಹುಪಾಲು ಹೋಗುತ್ತದೆ, ಏಕೆಂದರೆ ಅದು ಕೆಲವೇ ಬೀಜಗಳಲ್ಲಿ ಗುಡ್ಡೆಯಾಗಿರುತ್ತದೆ. ಆರಿಸಿ ತೆಗೆದದ್ದನ್ನು ಹಾಲು ಕೊಡುವ ದನಕ್ಕೆ ಹಾಕಬೇಡಿ, ವಿಷ ಹಾಲಿಗೂ ಇಳಿಯುತ್ತದೆ. ಉಳಿದದ್ದನ್ನು ಬೇಗ ಒಣಗಿಸಿ. ಶೇಂಗಾ ಬೀಜದ ತೇವ ಶೇಕಡ 8ಕ್ಕಿಂತ, ಮೆಕ್ಕೆಜೋಳದ್ದು 13ಕ್ಕಿಂತ ಕೆಳಗೆ ಇರಬೇಕು.

## ನೀರು, ಗಾಳಿ, ಆಲಿಕಲ್ಲು, ಚಳಿ

ಹೊಲದಲ್ಲಿ ನೀರು ನಿಂತಿದೆ. ಎಷ್ಟು ದಿನ ತಡೆಯುತ್ತೆ?

ನೀರಿನಲ್ಲಿ ಆಮ್ಲಜನಕ ಹರಡುವ ವೇಗ ಗಾಳಿಯಲ್ಲಿ ಹರಡುವುದರ ಹತ್ತು ಸಾವಿರದ ಒಂದು ಪಾಲು. ಹಾಗಾಗಿ ಮಣ್ಣಿನಲ್ಲಿದ್ದ ಆಮ್ಲಜನಕ 24ರಿಂದ 48 ಗಂಟೆಗಳಲ್ಲಿ ಮುಗಿದು ಬೇರು ಉಸಿರುಗಟ್ಟುತ್ತದೆ. ಆರು ಎಲೆಗಿಂತ ಚಿಕ್ಕ ಮೆಕ್ಕೆಜೋಳ ತಂಪು ಹವೆಯಲ್ಲಿ 2ರಿಂದ 4 ದಿನ ತಡೆದೀತು. ನೀರು ಬಿಸಿಯಾದರೆ ಒಂದೆರಡು ದಿನವೇ ಹೆಚ್ಚು. ಎಳ್ಳು, ತೊಗರಿ, ಮೆಣಸಿನಕಾಯಿ, ಟೊಮೆಟೊ ಇನ್ನೂ ಬೇಗ ಸೋಲುತ್ತವೆ. ಭತ್ತದ ಕಾಂಡದಲ್ಲಿ ಗಾಳಿಯ ಕೊಳವೆಗಳಿರುವುದರಿಂದ ಬುಡದಲ್ಲಿ ನೀರು ನಿಂತರೆ ತೊಂದರೆಯಿಲ್ಲ. ತಲೆಯವರೆಗೆ ಮುಳುಗಿದರೆ ಅದೂ ವಾರದಾಚೆ ಉಳಿಯುವುದು ಕಷ್ಟ. ಕೆಸರು ನೀರಾದರೆ ಬೆಳಕು ಒಳಗಿಳಿಯದೆ ಇನ್ನೂ ಬೇಗ ಸಾಯುತ್ತದೆ.

ನೀರು ಇಳಿದ ಕೂಡಲೇ ಯೂರಿಯಾ ಹಾಕಲಾ? ಎಲೆ ಹಳದಿಯಾಗಿದೆ.

ಎಲೆ ಹಳದಿಯಾಗಿರುವುದು ಸಾರಜನಕ ಹೋದದ್ದರಿಂದಲೇ, ಆದರೆ ಆತುರ ಬೇಡ. ಗಾಳಿಯಿಲ್ಲದ ಮಣ್ಣಿನಲ್ಲಿ ಸೂಕ್ಷ್ಮಾಣುಗಳು ನೈಟ್ರೇಟನ್ನು ಅನಿಲವಾಗಿ ಹಾರಿಸಿಬಿಡುತ್ತವೆ. ಹಸಿ ನೆಲಕ್ಕೆ ಈಗ ಹಾಕಿದ್ದೂ ಬೇಗ ಅದೇ ದಾರಿ ಹಿಡಿಯುತ್ತದೆ, ಕೆಟ್ಟ ಬೇರು ಅದನ್ನು ಹೀರಲಾರದು. ಮೊದಲು ಬಸಿಗಾಲುವೆ ತೆಗೆದು ನೀರು ಹೊರಹಾಕಿ. ಬೇಕಿದ್ದರೆ ಶೇಕಡ 2ರ ಯೂರಿಯಾ ದ್ರಾವಣವನ್ನು, ಅಂದರೆ ಲೀಟರಿಗೆ 20 ಗ್ರಾಂ, ಸಂಜೆ ಎಲೆಗೆ ಸಿಂಪಡಿಸಿ ಸುಧಾರಿಸಿಕೊಳ್ಳಲು ಬಿಡಿ. ನೆಲದ ಮೇಲೆ ಹೆಜ್ಜೆ ಹೂಳದಂತಾಗಿ ಹೊಸ ಎಲೆ ಇಣುಕಿದಾಗ ಹೆಕ್ಟೇರಿಗೆ 20–25 ಕಿಲೊ ಸಾರಜನಕ ಕೊಡಿ. ಯೂರಿಯಾದಲ್ಲಿ ಅದು 45–55 ಕಿಲೊ. ಬೇರು ಕಿತ್ತು ನೋಡದೆ ಇದಕ್ಕೆ ಖರ್ಚು ಮಾಡಬೇಡಿ. ಬೇರು ಬೆಳ್ಳಗಿದ್ದು ಗಟ್ಟಿಯಿದ್ದರೆ ಸರಿ, ಕಂದಾಗಿ ಸಿಪ್ಪೆ ಜಾರಿ ನಾರುತ್ತಿದ್ದರೆ ಗೊಬ್ಬರದಿಂದ ಏನೂ ಆಗದು.

ಗಾಳಿಗೆ ಪೈರು ಮಲಗಿದೆ. ಎತ್ತಿ ಕಟ್ಟಬೇಕಾ?

ಎಳೆಯದಾದರೆ ಮುಟ್ಟಬೇಡಿ. ಏಕದಳ ಬೆಳೆಯ ಗಿಣ್ಣುಗಳು ಇನ್ನೂ ಬೆಳೆಯುತ್ತಿದ್ದರೆ ಕೆಲವೇ ದಿನಗಳಲ್ಲಿ ತಾವಾಗಿ ಬಾಗಿ ಮೇಲೇಳುತ್ತವೆ. ಎತ್ತಲು ಹೋದರೆ ಕಾಂಡ ಮುರಿಯುವುದೇ ಹೆಚ್ಚು. ಹೂವಿನಿಂದ ಹಾಲು ತುಂಬುವವರೆಗಿನ ಹಂತದಲ್ಲಿ ಮಲಗಿದ ಭತ್ತವನ್ನು, ಕೆಲಸಕ್ಕೆ ಕೈಗಳಿದ್ದರೆ, ನಾಲ್ಕೈದು ಬುಡ ಸೇರಿಸಿ ಕಟ್ಟುವುದು ಲಾಭವೇ. ಕಾಳು ಬಲಿತಿದ್ದರೆ ನೀರು ಬಸಿದು ಬೇಗ ಕೊಯ್ಯಿರಿ, ಒದ್ದೆ ನೆಲಕ್ಕೆ ತಾಗಿದ ತೆನೆ ಅಲ್ಲೇ ಮೊಳೆಯುತ್ತದೆ.

ಆಲಿಕಲ್ಲಿಗೆ ಎಲೆಯೆಲ್ಲ ಚಿಂದಿ. ಅಳಿಸಿ ಮತ್ತೆ ಬಿತ್ತಲಾ?

7ರಿಂದ 10 ದಿನ ಕಾಯಿರಿ. ಮರುದಿನ ಹೊಲ ನೋಡಿ ತೀರ್ಮಾನಿಸಿದವರು ಉಳಿಯಬಹುದಾದ ಬೆಳೆಯನ್ನೂ ಉತ್ತು ಹಾಕುತ್ತಾರೆ. ಮೆಕ್ಕೆಜೋಳ ಆರು ಎಲೆ ಆಗುವವರೆಗೆ ಅದರ ಬೆಳೆಯುವ ತುದಿ ನೆಲದೊಳಗೇ ಇರುತ್ತದೆ. ಕಾಂಡವನ್ನು ಉದ್ದಕ್ಕೆ ಸೀಳಿ ನೋಡಿ. ತುದಿ ಬೆಳ್ಳಗೆ, ಗಟ್ಟಿಯಾಗಿದ್ದರೆ ಜೀವವಿದೆ. ಕಂದಾಗಿ ಮೆತ್ತಗಾಗಿದ್ದರೆ ಹೋಯಿತು. ಏಳು ಎಲೆಯ ಹಂತದಲ್ಲಿ ಎಲೆ ಪೂರ್ತಿ ಹೋದರೂ ಇಳುವರಿ ನಷ್ಟ ಸುಮಾರು ಶೇಕಡ 10, ಸೂಲಂಗಿ ಹೊರಟ ದಿನ ಅಷ್ಟೇ ಎಲೆ ಹೋದರೆ ಬಹುತೇಕ ಎಲ್ಲವೂ ಹೋದಂತೆ. ದ್ವಿದಳ ಬೆಳೆ ಬೀಜದಳದ ಗಿಣ್ಣಿಗಿಂತ ಕೆಳಗೆ ತುಂಡಾಗಿದ್ದರೆ ಚಿಗುರುವುದಿಲ್ಲ, ಮೇಲೆ ತುಂಡಾಗಿದ್ದರೆ ಕಂಕುಳ ಮೊಗ್ಗಿನಿಂದ ಕವಲೊಡೆಯುತ್ತದೆ.

ಥರ್ಮಾಮೀಟರ್ 2 ಡಿಗ್ರಿ ತೋರಿಸುತ್ತಿತ್ತು, ಆದರೂ ಇಬ್ಬನಿ ಹೆಪ್ಪುಗಟ್ಟಿ ಗಿಡ ಸುಟ್ಟಿತು. ಹೇಗೆ?

ಥರ್ಮಾಮೀಟರ್ ಇದ್ದದ್ದು ಆಳೆತ್ತರದಲ್ಲಿ. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿ ಎಲೆ ತನ್ನ ಬಿಸಿಯನ್ನು ಆಕಾಶಕ್ಕೆ ಬಿಟ್ಟುಕೊಡುತ್ತದೆ, ನೆಲದ ಹತ್ತಿರ ಉಷ್ಣತೆ 2ರಿಂದ 4 ಡಿಗ್ರಿ ಕೆಳಗಿರುತ್ತದೆ. ತಣ್ಣನೆ ಗಾಳಿ ಭಾರ, ನೀರಿನ ಹಾಗೆ ತಗ್ಗಿಗೆ ಹರಿದು ನಿಲ್ಲುತ್ತದೆ.

ಹಿಂದಿನ ದಿನ ನೆಲ ನೆನೆಸಿಡಿ, ಒದ್ದೆ ಮಣ್ಣು ಹಗಲಿನ ಬಿಸಿಯನ್ನು ಹೆಚ್ಚು ಹಿಡಿದು ರಾತ್ರಿ ಬಿಡುತ್ತದೆ. ಒಣಹುಲ್ಲಿನ ಹೊದಿಕೆಯಿದ್ದರೆ ಸರಿಸಿ, ಅದು ನೆಲದ ಬಿಸಿ ಗಿಡಕ್ಕೆ ತಲುಪದಂತೆ ತಡೆಯುತ್ತದೆ. ಹೊಗೆ ಹಾಕುವುದು ಬಹಳ ಕಡೆ ಇದೆ, ಆದರೆ ಹೊಗೆ ಆ ಬಿಸಿಯನ್ನು ತಡೆದು ನಿಲ್ಲಿಸುವುದಿಲ್ಲ. ತುಂತುರು ನೀರಾವರಿ ಕೆಲಸ ಮಾಡುತ್ತದೆ. ಒಂದು ಕಿಲೊ ನೀರು ಹೆಪ್ಪುಗಟ್ಟುವಾಗ 334 ಕಿಲೊಜೂಲ್ ಶಾಖ ಬಿಡುತ್ತದೆ. ಆದರೆ ಅಷ್ಟೇ ನೀರು ಆವಿಯಾದರೆ ಸುಮಾರು 2,500 ಕಿಲೊಜೂಲ್ ಎಳೆದುಕೊಳ್ಳುತ್ತದೆ. ಆದ್ದರಿಂದ ಹೆಪ್ಪುಗಟ್ಟುವ ಮಟ್ಟ ಮುಟ್ಟುವ ಮೊದಲೇ ಶುರುಮಾಡಿ, ಬಿಸಿಲೇರಿ ಮಂಜುಗಡ್ಡೆ ಕರಗುವವರೆಗೆ ಒಂದು ಕ್ಷಣವೂ ನಿಲ್ಲಿಸಬಾರದು. ನಡುವೆ ಪಂಪ್ ನಿಂತರೆ ನೀರು ಹಾಯಿಸದ ತಾಕಿಗಿಂತ ಹೆಚ್ಚು ಹಾನಿಯಾಗುತ್ತದೆ.

## ಇನ್ನಷ್ಟು ಆಳಕ್ಕೆ

ನಷ್ಟ ಎಷ್ಟು ಅಂತ ಕೊಯ್ಲಿಗೆ ಮೊದಲೇ ಅಂದಾಜು ಮಾಡೋದು ಹೇಗೆ?

ಹಾನಿಯಾದ ಮರುದಿನ ಬೇಡ, ಕಾಳು ಗಟ್ಟಿಯಾಗಲು ಶುರುವಾದಾಗ ಮಾಡಿ. ಮೆಕ್ಕೆಜೋಳದಲ್ಲಿ 10 ಚದರ ಮೀಟರಿನ ತೆನೆಗಳನ್ನು ಎಣಿಸಿ, ಹತ್ತು ತೆನೆಗಳ ಕಾಳಿನ ಸರಾಸರಿ ತೆಗೆಯಿರಿ. 60 ತೆನೆ, ತೆನೆಗೆ 280 ಕಾಳು, ಕಾಳಿಗೆ 0.28 ಗ್ರಾಂ ಎಂದಾದರೆ 4.7 ಕಿಲೊ. ಸಾವಿರದಿಂದ ಗುಣಿಸಿದರೆ ಹೆಕ್ಟೇರಿಗೆ 4,700 ಕಿಲೊ. ಹಾನಿಯಿಲ್ಲದ ತಾಕಿನಲ್ಲಿ ತೆನೆಗೆ 400 ಕಾಳಿದ್ದರೆ 6,720. ನಷ್ಟ ಶೇಕಡ 30. ಐದು ಕಡೆಯಾದರೂ ಎಣಿಸಿ. ಹೊಲದ ಅಂಚು ಮತ್ತು ಕಣ್ಣಿಗೆ ಕೆಟ್ಟದ್ದೆಂದು ಕಂಡ ಜಾಗವನ್ನೇ ಆರಿಸಿದರೆ ಲೆಕ್ಕ ಸುಳ್ಳಾಗುತ್ತದೆ. ಭತ್ತದಲ್ಲಿ ಇಪ್ಪತ್ತು ತೆನೆ ತೆಗೆದುಕೊಂಡು ಒಂದೊಂದೇ ಕಾಳನ್ನು ಬೆರಳಲ್ಲಿ ಒತ್ತಿ ತುಂಬಿದ್ದು, ಜೊಳ್ಳು ಬೇರೆ ಮಾಡಿ.

ಕಾರ್ಬನ್ ಡೈಆಕ್ಸೈಡ್ ಹೆಚ್ಚಾದರೆ ಬೆಳೆಗೆ ಒಳ್ಳೇದೇ ಅಲ್ವಾ?

ಎಲೆ ಆಹಾರ ತಯಾರಿಸುವ ರೀತಿ ನೋಡಿ ಬೆಳೆಗಳನ್ನು ಸಿ3, ಸಿ4 ಎಂದು ಗುಂಪು ಮಾಡುತ್ತಾರೆ. ಭತ್ತ, ಗೋಧಿ, ಸೋಯಾದಂಥ ಸಿ3 ಬೆಳೆಗಳಿಗೆ ಸ್ವಲ್ಪ ಲಾಭವಿದೆ. ಮೆಕ್ಕೆಜೋಳ, ಜೋಳ, ಕಬ್ಬು ಸಿ4 ಗುಂಪಿನವು, ಅವುಗಳಿಗೆ ಲಾಭ ಸಿಗುವುದು ಹೆಚ್ಚಾಗಿ ಬರದಲ್ಲಿ ಮಾತ್ರ. ಆದರೆ ಹೂವಿನ ಗಂಟೆಯಲ್ಲಿ ಪರಾಗ ಸತ್ತರೆ ಈ ಲಾಭ ಉಪಯೋಗಕ್ಕೆ ಬಾರದು. ಜೊತೆಗೆ ಕಾಳಿನ ಸತ್ವವೂ ಇಳಿಯುತ್ತದೆ. ತೆರೆದ ಹೊಲದ ಪ್ರಯೋಗಗಳಲ್ಲಿ ಹೆಚ್ಚಿನ ಕಾರ್ಬನ್ ಡೈಆಕ್ಸೈಡಿನಲ್ಲಿ ಬೆಳೆದ ಗೋಧಿಯಲ್ಲಿ ಸತು ಸುಮಾರು ಶೇಕಡ 9, ಪ್ರೋಟೀನ್ 6, ಕಬ್ಬಿಣ 5ರಷ್ಟು ಕಡಿಮೆ ಕಂಡಿತು.

ಒಂದು ಡಿಗ್ರಿ ಏರಿದರೆ ಇಳುವರಿ ಎಷ್ಟು ಬೀಳುತ್ತೆ? ಬೇರೆ ಬೇರೆ ಅಂಕಿ ಹೇಳ್ತಾರಲ್ಲ.

ಹಲವು ವಿಧಾನಗಳನ್ನು ಒಟ್ಟಿಗಿಟ್ಟು ನೋಡಿದ 2017ರ ವಿಶ್ಲೇಷಣೆಯ ಪ್ರಕಾರ ಜಾಗತಿಕ ಸರಾಸರಿ ಉಷ್ಣತೆ 1 ಡಿಗ್ರಿ ಏರಿದರೆ ಮೆಕ್ಕೆಜೋಳ ಶೇಕಡ 7.4, ಗೋಧಿ 6, ಭತ್ತ 3.2, ಸೋಯಾ 3.1 ಇಳಿಯುತ್ತದೆ. ಇವು ಜಗತ್ತಿನ ಸರಾಸರಿಗಳು. ತಂಪು ಸೀಮೆಯಲ್ಲಿ ಇಳುವರಿ ಏರಲೂಬಹುದು.

ಇಷ್ಟಕ್ಕೂ ಇಳಿಕೆ ನೇರ ಗೆರೆಯಲ್ಲಿ ಇರುವುದಿಲ್ಲ. ಅಮೆರಿಕದ ದಾಖಲೆಗಳಲ್ಲಿ ಮೆಕ್ಕೆಜೋಳದ ಇಳುವರಿ 29 ಡಿಗ್ರಿಯವರೆಗೆ ನಿಧಾನವಾಗಿ ಏರಿ, ಆಮೇಲೆ ಕಡಿದಾಗಿ ಬೀಳುತ್ತದೆ. ಸೋಯಾಕ್ಕೆ ಆ ತಿರುವು 30, ಹತ್ತಿಗೆ 32. ಆಫ್ರಿಕಾದ ಮೆಕ್ಕೆಜೋಳ ಪ್ರಯೋಗಗಳಲ್ಲಿ ಒಂದು ದಿನ 30ಕ್ಕಿಂತ ಒಂದು ಡಿಗ್ರಿ ಹೆಚ್ಚು ಕಳೆದರೆ ಇಳುವರಿ ಶೇಕಡ 1 ಇಳಿಯಿತು, ಬರವೂ ಇದ್ದರೆ 1.7. ಸರಾಸರಿ ಉಷ್ಣತೆ ಒಂದೇ ಇರುವ ಎರಡು ಹಂಗಾಮುಗಳ ಇಳುವರಿ ಬೇರೆಯಾಗುವುದು ಇದರಿಂದ. ಒಂದರಲ್ಲಿ ಎಲ್ಲ ದಿನ 28, ಇನ್ನೊಂದರಲ್ಲಿ ಅರ್ಧದಷ್ಟು ದಿನಗಳು 22, ಉಳಿದ ಅರ್ಧ 34.

ಹವಾಮಾನ ತಡೆಯುವ ತಳಿ ಬಿತ್ತಿದರೆ ಸಾಕಲ್ವಾ?

ಒಂದು ತಳಿ ಒಂದು ಹೊಡೆತವನ್ನು ತಡೆಯುತ್ತದೆ, ಎಲ್ಲವನ್ನೂ ಅಲ್ಲ. ಒಡಿಶಾದ ನಾಡತಳಿ ಎಫ್ಆರ್13ಎಯಿಂದ ಬಂದ ಸಬ್1 ಜೀನ್ ಇರುವ ಸ್ವರ್ಣ-ಸಬ್1 ಭತ್ತ 2009ರಲ್ಲಿ ಭಾರತದಲ್ಲಿ ಬಿಡುಗಡೆಯಾಯಿತು. ಮುಳುಗಿದಾಗ ಎತ್ತರ ಬೆಳೆಯಲು ಶಕ್ತಿ ಖರ್ಚು ಮಾಡದೆ ಸುಮ್ಮನಿದ್ದು, ಸುಮಾರು ಎರಡು ವಾರ ಕಳೆದು ನೀರಿಳಿದ ಮೇಲೆ ಚಿಗುರುತ್ತದೆ. ಅದೇ ಕಾರಣಕ್ಕೆ, ತಿಂಗಳುಗಟ್ಟಲೆ ಆಳವಾಗಿ ನೀರು ನಿಲ್ಲುವಲ್ಲಿ ಅದು ಸೋಲುತ್ತದೆ. ಅಲ್ಲಿ ನೀರಿನೊಂದಿಗೆ ಉದ್ದವಾಗುವ ಬೇರೆ ಬಗೆಯ ಭತ್ತ ಬೇಕು. ಬಿಸಿ ತಡೆಯುವ ಗುಣವೂ ಸ್ವರ್ಣ-ಸಬ್1ಕ್ಕೆ ಇಲ್ಲ.

ಅಲ್ಪಾವಧಿ ತಳಿ ಕೊನೆಯ ಬರದಿಂದ ತಪ್ಪಿಸಿಕೊಳ್ಳುತ್ತದೆ, ಒಳ್ಳೆಯ ವರ್ಷದಲ್ಲಿ ಇಳುವರಿ ಕಡಿಮೆ ಕೊಡುತ್ತದೆ. ಹಾಗಾಗಿ ಒಂದೇ ತಳಿಯನ್ನು ಒಂದೇ ದಿನ ಇಡೀ ಹೊಲಕ್ಕೆ ಬಿತ್ತುವ ಬದಲು, ಅವಧಿಯಲ್ಲಿ 10–15 ದಿನ ವ್ಯತ್ಯಾಸವಿರುವ ಎರಡು ತಳಿಗಳನ್ನು, ಅಥವಾ ಒಂದೇ ತಳಿಯನ್ನು ಹತ್ತು ದಿನದ ಅಂತರದಲ್ಲಿ ಎರಡು ಸಲ ಬಿತ್ತಿ. ಬಿತ್ತುವ ಮೊದಲು ಕಳೆದ ಹತ್ತು ವರ್ಷದ ದಿನವಾರು ಉಷ್ಣತೆ ಮತ್ತು ಮಳೆ ಲೆಕ್ಕ ತೆಗೆದು, ಎರಡೂ ತಾಕುಗಳ ಹೂವಿನ ವಾರ ಎಲ್ಲಿ ಬೀಳುತ್ತದೆ ಎಂದು ಗುರುತು ಹಾಕಿ. ಹತ್ತರಲ್ಲಿ ನಾಲ್ಕು ವರ್ಷ ಆ ವಾರ 35 ಡಿಗ್ರಿ ದಾಟಿದ್ದರೆ, ಬದಲಿಸಬೇಕಾದ್ದು ಮೊದಲು ಬಿತ್ತನೆಯ ದಿನಾಂಕ, ತಳಿ ಆಮೇಲೆ.